ದಕ್ಷಿಣಕ್ಕೆ ಮುಖ ಮಾಡಿದ ಸೋಲಾರ್

ಸೋಲಾರ್ ಹೀಟರಿಗೆ ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಡಿಸುತ್ತದೆಂದು ನನಗೆ ಮೊದಲು ಹೇಳಿದವರು ಕತ್ರಿಗುಪ್ಪೆಯ ಪುರೋಹಿತರಾದ ನಂಜುಂಡಯ್ಯನವರು. ಆಗ ನಾವು ಬನಶಂಕರಿಯಲ್ಲಿದ್ದೆವು. ಕರೆಂಟಿನಲ್ಲಿ ಕಾದ ನೀರು ಮಡಿಗೆ ಬಾರದೆಂದು ನನ್ನ ತಾಯಿ ಧನುರ್ಮಾಸದಲ್ಲೂ ತಣ್ಣೀರನ್ನೇ ಸುರಿದುಕೊಳ್ಳುತ್ತಿದ್ದರು. ಇನ್ನೊಂದು ಚಳಿಗಾಲ ಹೀಗೇ ಆದರೆ ಅವರ ಎದೆ ತಡೆಯದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

“ಸೂರ್ಯನಾರಾಯಣ ಕಾಯಿಸಿದ ನೀರಾದ್ರೆ ಆಗ್ಲಿ,” ಎಂದು ಅಮ್ಮ ಒಪ್ಪಿದರು. ನಾನು ಅರ್ಜಿ ಹಾಕಿದೆ.

ಜಾಗ ನೋಡಲು ಬ್ಯಾಂಕಿನಿಂದ ಬಂದವರು ಧಾರವಾಡದ ಕಡೆಯ ಹೆಣ್ಣುಮಗಳು. ಅಮ್ಮನೂ ಮೆಲ್ಲಗೆ ತಾರಸಿ ಹತ್ತಿದರು. ಸೂರ್ಯ ಹುಟ್ಟುವ ಕಡೆಗೇ ಇರಲೆಂದು ನಾನು ಪೂರ್ವಕ್ಕೆ ರಂಗೋಲಿ ಎಳೆದು ಗುರುತು ಮಾಡಿದ್ದೆ.

“ಹಿಂಗ ನಡಿಯಂಗಿಲ್ರೀ ಸರ. ಪ್ಯಾನೆಲ್ ದಕ್ಷಿಣಕ್ಕ ಮುಖ ಮಾಡಿರಬೇಕು. ಇಲ್ಲಾಂದ್ರ ಸಾಲ ಮಂಜೂರಾಗಂಗಿಲ್ಲ.”

“ಅದು ಯಮನ ದಿಕ್ಕು,” ಅಂದರು ಅಮ್ಮ. “ಆ ನೀರು ನಂಗೆ ಬೇಡ. ಅರ್ಜಿ ವಾಪಸ್ ತಗೋ ಮಗೂ.”

ಆ ಹೆಣ್ಣುಮಗಳು ಮಾತ್ರ ಫೈಲು ಮುಚ್ಚಲಿಲ್ಲ.

“ಅಮ್ಮಾರ, ಒಂದ್ ಮಾತು ಕೇಳ್ತೀನಿ. ಜ್ಞಾನ ಕೊಡೋ ದಕ್ಷಿಣಾಮೂರ್ತಿ ಯಾವ ಕಡೆ ಮುಖ ಮಾಡಿ ಕುಂತಾನ್ರೀ?”

ಅಮ್ಮ ಆಕೆಯ ಕಡೆ ತಿರುಗಿದರು.

“ಚಪ್ಪಲಿ ಕೆಳಗೆ ಬಿಟ್ಟು ಬಂದಿದ್ದೀಯೇನಮ್ಮ?”

“ಬಿಟ್ಟೀನ್ರೀ.”

“ಹಾಗಾದ್ರೆ ಎಲ್ಲಿ ಇಡ್ಬೇಕೋ ನೀನೇ ತೋರಿಸು.”

ಅಮ್ಮ ಆ ಚಳಿಗಾಲ ದಾಟಿದರು, ಅದರ ಮೇಲೆ ಇನ್ನೂ ಆರು ಚಳಿಗಾಲ ದೇವರು ಕೊಟ್ಟ. ಹಟದ ಹಿರಿಯರಿರುವ ಮನೆಗಳಿಗೆ ಈ ಮಾತನ್ನು ದಯವಿಟ್ಟು ಮುಟ್ಟಿಸಿ. ಬಡ್ಡಿ ಎಷ್ಟೆಂದು ಕೇಳಿದರೆ ಮಾತ್ರ ಬ್ಯಾಂಕಿಗೇ ಕಳುಹಿಸಿ. ಅದಕ್ಕೆ ಯಾವ ದೇವರ ಸಾಕ್ಷಿಯೂ ನಡೆಯುವುದಿಲ್ಲ.