ಹೊಟ್ಟೆಗೆ ಕಿವಿಯಿಡುತ್ತಿದ್ದ ಹುಸೇನಬಿ

ಹುಸೇನಬಿ ನಾಡಿ ಹಿಡಿಯುತ್ತಿರಲಿಲ್ಲ. ಬಂದವಳೇ ರೋಗಿಯ ಹೊಟ್ಟೆಯ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚುವಳು. ಯಾರಾದರೂ ಪಿಸುಗುಟ್ಟಿದರೆ, "ತಡೀರಿ, ಕರಳು ಮಾತಾಡಾಕತ್ತೈತಿ. ನಿಮ್ಮದು ಆಮ್ಯಾಲ" ಎಂದು ಗದರುವಳು. ಗುಡುಗುಟ್ಟುವ ಕರುಳಿಗೆ ಕೊಡಸಿಗೆ ತೊಗಟೆಯ ಕಷಾಯ, ಸುಮ್ಮನೆ ಬಿದ್ದ ಕರುಳಿಗೆ ಅಜವಾನದ ನೀರು. "ಓಡೋ ಎತ್ತಿಗೆ ಹಗ್ಗ, ಮಲಗಿದ ಎತ್ತಿಗೆ ಬಾರಕೋಲ. ಅದಲು ಬದಲು ಆದ್ರ ಕೆಟ್ಟಿ" ಎನ್ನುವಳು. ತೊಗಟೆಯನ್ನು ಗಜೇಂದ್ರಗಡದ ಗುಡ್ಡ ಹತ್ತಿ ತಾನೇ ಕೆತ್ತಿ ತರುತ್ತಿದ್ದಳು.

ನರಗುಂದದ ಕೋಟೆ ಇಂಗ್ರೇಜರ ಕೈಸೇರುವುದಕ್ಕೆ ಎರಡು ವರ್ಷ ಮೊದಲು ನಮ್ಮ ಅತ್ತೆಗೆ ಭೇದಿ ಹಿಡಿಯಿತು. ಹುಸೇನಬಿಯನ್ನು ಕರೆಸಿದೆವು. ಆಕೆ ಮುಟ್ಟಿದರೆ ಸ್ನಾನ ಮಾಡಿದರಾಯಿತು. ಆಕೆ ಕುದಿಸಿದ ನೀರು ನಮ್ಮವರ ಹೊಟ್ಟೆಗೆ ಹೋಗುವುದುಂಟೇ? ಒಣ ತೊಗಟೆಗೆ ಮೈಲಿಗೆಯಿಲ್ಲ. ಅದನ್ನೇ ಹುಸೇನಬಿ ಮೂರು ಅರಿವೆ ತುಂಡುಗಳಲ್ಲಿ ಮೂರು ಗಂಟು ಕಟ್ಟಿ ಕೊಟ್ಟು, "ದಿನಕ್ಕ ಒಂದೇ ಗಂಟ, ಅವ್ವಾರ. ಹೊಟ್ಟಿ ಸದ್ದು ಕಡಿಮಿ ಆದ್ರ ನಿಲ್ಲಿಸಿಬಿಡ್ರಿ" ಎಂದಳು.

ದಿನಾ ಮಡಿಯುಟ್ಟು ಬೇರೆ ಒಲೆ ಹೂಡಲು ನನಗೆ ಬೇಸರ. ಮೂರೂ ಗಂಟು ಒಮ್ಮೆಲೇ ಕುದಿಸಿ, ಬತ್ತಿಸಿ, ಒಂದೇ ದಿನ ಕುಡಿಸಿದೆ. ಬೇಗ ಗುಣವಾಗಲೆಂದು ಮಾಡಿದೆ ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಸುಳ್ಳು. ಶುದ್ಧ ಮೈಗಳ್ಳತನ.

ಭೇದಿ ನಿಂತಿತು. ಮರುದಿನ ಹೊಟ್ಟೆ ಗಡಿಗೆಯಂತೆ ಉಬ್ಬಿ ಅತ್ತೆ ನರಳತೊಡಗಿದರು. ಓಡಿಬಂದ ಹುಸೇನಬಿ ಕಿವಿಯಿಟ್ಟವಳು ಬಹಳ ಹೊತ್ತು ಏಳಲಿಲ್ಲ.

"ಕರಳು ಮಾತು ಬಿಟ್ಟೈತಿ. ಎಷ್ಟು ಕುಡಿಸೀರಿ?"

ಮಾವ, ಓಣಿಯ ಮಂದಿ, ಎಲ್ಲರೂ ನನ್ನನ್ನೇ ನೋಡಿದರು.

"ನೀ ಹೇಳಿದಷ್ಟ" ಎಂದೆ.

ಅಂಗಳದಲ್ಲಿ ಒಗೆದು ಹರವಿದ್ದ ಮೂರೂ ಅರಿವೆಗಳನ್ನು ಆಕೆ ನೋಡಿದಳು. ನೋಡಿದವಳೇ ಎಣ್ಣೆ ಕಾಯಿಸಲು ಹೇಳಿದಳು. ಎರಡು ಹಗಲು ಬಿಸಿ ಔಡಲೆಣ್ಣೆ ತಿಕ್ಕುತ್ತ, ನನ್ನ ಕೈಯಿಂದ ಅಜವಾನದ ನೀರು ಕುಡಿಸುತ್ತ ಪಡಸಾಲೆಯಲ್ಲೇ ಕುಳಿತಳು. ಮೂರನೆಯ ಬೆಳಿಗ್ಗೆ ತಲೆಯೆತ್ತಿ, "ಗುರ್ ಅಂತು ನೋಡ್ರಿ" ಎಂದು ನಕ್ಕಳು.

ಅತ್ತೆ ಬದುಕಿದರು. ಹುಸೇನಬಿಯ ಹೆಸರು ಕೆಟ್ಟಿತು. ವಿಷ ಕೊಟ್ಟಳೆಂದು ಮಾವನೇ ಕಂಡಕಂಡವರಿಗೆ ಹೇಳಿದರು. ಆಮೇಲೆ ಯಾರೂ ಆಕೆಯನ್ನು ಕರೆಯಲಿಲ್ಲ. ನಾನೊಂದು ಮಾತು ಆಡಿದ್ದರೆ ಸಾಕಿತ್ತು. ನಾಚಿಕೆಗೇಡಿ ನಾನು, ಆಡಲಿಲ್ಲ.

ಕೊನೆಗೆ ಕಂಡದ್ದು ರೋಣದ ಸಂತೆಯಲ್ಲಿ. ಕಸಬರಿಗೆ ಮಾರುತ್ತ ಕುಳಿತಿದ್ದಳು. ನನ್ನ ಜೊತೆ ಚಿಕ್ಕಂದಿನಲ್ಲೇ ಪರವೂರಿಗೆ ಕೊಟ್ಟ ನಾದಿನಿ ಇದ್ದಳು.

"ಅವ್ವಾರ, ಅತ್ತಿಯಾರು ಹ್ಯಾಂಗದಾರ್ರಿ? ಊಟ ಸೇರತೈತೇನ್ರಿ?"

"ಯಾರಾಕಿ?" ಎಂದಳು ನಾದಿನಿ.

"ಯಾರೋ ಏನೋ. ನನಗ ಗುರ್ತಿಲ್ಲ" ಎಂದೆ.

ಹುಸೇನಬಿ ನನ್ನನ್ನೊಮ್ಮೆ ನೋಡಿ, ನಾದಿನಿಯ ಕಡೆ ತಿರುಗಿದಳು. "ಹೌದ್ರಿ, ತಪ್ಪು ನಂದ. ಬ್ಯಾರೆ ಯಾರೋ ಅಂತ ತಿಳಿದಿದ್ದೆ."