ಹತ್ತನೇ ಜಾಡಿ

ಹೆತ್ತವರು ಇಟ್ಟ ಹೆಸರು ಆ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ಜಾಡಿಯಮ್ಮ. ವೈದ್ಯಕೀಯ ಕಾಲೇಜಿನ ಕೆಳಗಿನ ಅಂತಸ್ತಿನಲ್ಲಿ, ಕಾರಿಡಾರಿನ ಕೊನೆಗೆ, ಉತ್ತರದ ಕಡೆ ಮಾತ್ರ ಕಿಟಕಿ ಇರುವ ಒಂದು ಉದ್ದನೆಯ ಕೋಣೆ. ಬಿಸಿಲು ಬಿದ್ದರೆ ಒಳಗಿರುವುದರ ಬಣ್ಣ ಕೆಡುತ್ತದೆ ಅಂತ ಹಾಗೆ ಕಟ್ಟಿಸಿದ್ದು. ಗೋಡೆಗೆ ಮೂರು ಸಾಲು ಹಲಗೆ, ಹಲಗೆಯ ಮೇಲೆ ಗಾಜಿನ ಜಾಡಿ, ಜಾಡಿಯೊಳಗೆ ಹುಟ್ಟದೇ ಹೋದ ಕೂಸುಗಳು. ನಾಲ್ಕನೇ ವಾರದ್ದು ಮೊದಲು, ತುಂಬಿದ ಒಂಬತ್ತು ತಿಂಗಳಿನದು ಕೊನೆಗೆ; ಶಾಲೆಯಲ್ಲಿ ಮಕ್ಕಳನ್ನು ಎತ್ತರ ನೋಡಿ ಸಾಲಾಗಿ ನಿಲ್ಲಿಸುತ್ತಾರಲ್ಲ, ಹಾಗೆ.

ಗಂಡ ಅದೇ ಕಾಲೇಜಿನ ಕಾವಲುಗಾರನಾಗಿದ್ದ. ಅವನು ತೀರಿಕೊಂಡ ತಿಂಗಳಿಗೇ ಅವಳಿಗೆ ಈ ಕೆಲಸ ಕೊಟ್ಟರು. ಆಗ ಅವಳು ನಾಲ್ಕು ತಿಂಗಳ ಬಸುರಿ. ಬಸುರಿ ಹೆಂಗಸು ಅಂಥ ಕೋಣೆಗೆ ಕಾಲಿಡಬಾರದು ಅಂತ ನಾದಿನಿ ಗೋಗರೆದಳು. ಬೇರೆ ಕೆಲಸ ನೀನು ಕೊಡಿಸ್ತೀಯಾ ಅಂತ ಕೇಳಿ ಇವಳು ಕೆಲಸಕ್ಕೆ ಹೊರಟಳು. ಮೊದಲ ವಾರ ಹಲಗೆಯ ಕಡೆ ನೋಡದೆಯೇ ಒರೆಸಿದಳು. ಎರಡನೇ ವಾರಕ್ಕೆ ಕಣ್ಣು ತಾನಾಗಿ ಹೋಯಿತು. ಅಲ್ಲಿಂದ ಇಪ್ಪತ್ತಾರು ವರ್ಷ.

ದಿನಾ ಧೂಳು ಒರೆಸುವುದು. ತಿಂಗಳಿಗೊಮ್ಮೆ ಜಾಡಿಯಲ್ಲಿ ಔಷಧದ ನೀರು ಇಳಿದಿದ್ದರೆ ಡಬ್ಬದಿಂದ ಸುರಿದು ತುಂಬಿಸಿ, ಮುಚ್ಚಳದ ಅಂಚಿಗೆ ಮೇಣ ಕಾಯಿಸಿ ಬಳಿಯುವುದು. ಆ ನೀರಿನ ಘಾಟಿಗೆ ಕಣ್ಣು, ಮೂಗು ಉರಿದುಹೋಗುತ್ತಿತ್ತು. ಸೀರೆಗೆ ಅಂಟಿದ ವಾಸನೆ ಎಷ್ಟು ಒಗೆದರೂ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಸಿಗುತ್ತದೆ ಅಂತ ಅವಳೇ ತಮಾಷೆ ಮಾಡಿಕೊಳ್ಳುತ್ತಿದ್ದಳು.

ಓದಿದ್ದು ಮೂರನೇ ಕ್ಲಾಸು. ಅಂಕಿ ಓದುತ್ತಾಳೆ, ಅಕ್ಷರ ಕೂಡಿಸಿಕೊಂಡು ಓದಬೇಕು. ಆದರೆ ವರ್ಷಕ್ಕೊಮ್ಮೆ ದಪ್ಪ ಕನ್ನಡಕದ ಮೇಷ್ಟ್ರು ಹೊಸ ಹುಡುಗ ಹುಡುಗಿಯರನ್ನು ಕರೆದುಕೊಂಡು ಬಂದು ಜಾಡಿ ಜಾಡಿಯ ಮುಂದೆ ನಿಂತು ಪಾಠ ಹೇಳುತ್ತಿದ್ದರು. ಇವಳು ಮೂಲೆಯಲ್ಲಿ ಬಟ್ಟೆ ಹಿಡಿದು ನಿಂತು ಕೇಳುತ್ತಿದ್ದಳು. ಕೇಳಿ ಕೇಳಿ ಬಾಯಿಪಾಠ. ಜಾಡಿಗೆ ಅಂಟಿಸಿದ ಅಂಕಿ ಅಂದರೆ ವಾರ. ನಾಲ್ಕನೆಯದು ಅಕ್ಕಿಕಾಳಿಗಿಂತ ಚಿಕ್ಕದು, ಬಾಲ ಬೇರೆ ಇದೆ, ಆದರೂ ಎದೆ ಆಗಲೇ ಬಡಿಯುತ್ತಿತ್ತಂತೆ. ಐದರಲ್ಲಿ ಕೈಕಾಲು ಮೊಳಕೆ. ಆರರಲ್ಲಿ ಅಂಗೈ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ, ಬೆರಳು ಬಿಡಿಸಿಲ್ಲ. ಎಂಟಕ್ಕೆ ಹತ್ತು ಬೆರಳೂ ಬೇರೆ ಬೇರೆ. ಮೂಗು, ತುಟಿ, ಮನುಷ್ಯರ ಮುಖ. ಎಂಟು, ಒಂಬತ್ತರಲ್ಲಿ ಬಾಯಿಯೊಳಗಿನ ಅಂಗುಳು ಎರಡು ಬಾಗಿಲಿನ ಹಾಗೆ ಎರಡು ಕಡೆಯಿಂದ ಬಂದು ನಡುವೆ ಕೂಡಿಕೊಳ್ಳುತ್ತದೆ, ಮುಂದಿನಿಂದ ಹಿಂದಕ್ಕೆ. ಹತ್ತರ ಹೊತ್ತಿಗೆ ಬಹುಪಾಲು ಮುಚ್ಚಿತು. ಇನ್ನು ಮೇಲೆ ಮುಖ್ಯವಾಗಿ ಬೆಳೆಯುವುದು ಅನ್ನುತ್ತಿದ್ದರು ಮೇಷ್ಟ್ರು.

ಕೆಳಗಿನ ಹಲಗೆಯ ತುದಿಯಲ್ಲಿ ಮಾತ್ರ ಒಂದು ಜಾಡಿ ಬೇರೆ ಥರದ್ದು. ಅದರೊಳಗಿನ ಕೂಸಿನ ಬಾಯಿ ತೆರೆದೇ ಇತ್ತು. ಮೇಷ್ಟ್ರು ಟಾರ್ಚು ಬಿಟ್ಟು ತೋರಿಸುತ್ತಿದ್ದರು: ಆ ಬಾಗಿಲುಗಳು ಬಂದು ಸೇರದೇ ಹೋದರೆ ಹೀಗೆ. ಅದನ್ನು ಜಾಡಿಯಮ್ಮ ಎಲ್ಲದಕ್ಕಿಂತ ಕೊನೆಗೆ, ಮುಖ ಆಚೆ ತಿರುಗಿಸಿಕೊಂಡು ಒರೆಸುತ್ತಿದ್ದಳು.

ಐದು ತಿಂಗಳಿನ ಹೆಣ್ಣು ಕೂಸಿನ ಜಾಡಿಯ ಮುಂದೆ ಮೇಷ್ಟ್ರು ಪ್ರತಿ ವರ್ಷವೂ ಒಂದೇ ಹಾಸ್ಯ ಮಾಡುತ್ತಿದ್ದರು. ಈ ಕೂಸಿನ ಹೊಟ್ಟೆಯಲ್ಲಿ ಆಗಲೇ ಲಕ್ಷಗಟ್ಟಲೆ ಅಂಡಾಣು ತಯಾರಾಗಿ ನಿದ್ದೆ ಮಾಡುತ್ತಿವೆ, ಹುಟ್ಟಿದ ಮೇಲೆ ಹೊಸದು ಆಗುವುದಿಲ್ಲ. ಗಂಡಸರದ್ದು ದಿನಾ ಹೊಸ ಸರಕು, ಹೆಂಗಸರಿಗೆ ತಾಯಿ ಹೊಟ್ಟೆಯಿಂದ ತಂದ ಗಂಟೇ ಗತಿ ಅಂತ. ಹುಡುಗರು ನಗುತ್ತಿದ್ದರು. ಜಾಡಿಯಮ್ಮನಿಗೆ ಒಂದು ಸಲವೂ ನಗು ಬರಲಿಲ್ಲ. ತನ್ನ ಮಗಳು ಹೊಟ್ಟೆಯಲ್ಲಿದ್ದಾಗ ಇದೇ ಕೋಣೆಯಲ್ಲಿ, ಇದೇ ಘಾಟು ಕುಡಿದುಕೊಂಡು ಓಡಾಡಿದವಳು ತಾನು. ಅಂದರೆ ಮಗಳ ಹೊಟ್ಟೆಯಲ್ಲಿ ಮುಂದೆ ಯಾವತ್ತೋ ಹುಟ್ಟಬೇಕಾದ ಮಗುವಿನ ಬೀಜವೂ ಆವತ್ತು ಈ ಜಾಡಿಗಳ ನಡುವೆ ಇತ್ತು. ಆ ಲೆಕ್ಕವನ್ನು ಅವಳು ಮರೆಯಲಿಲ್ಲ. ಯಾರ ಹತ್ತಿರವೂ ಆಡಿರಲಿಲ್ಲ.

ಮಗಳು ಬೆಳೆದಳು, ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿದಳು, ಅಲ್ಲಿಯ ಮೆಷಿನ್ ರಿಪೇರಿಯವನನ್ನೇ ಮದುವೆಯಾದಳು, ಬಸುರಿಯಾದಳು. ಜಾಡಿಯಮ್ಮನ ಕೈಗೆ ಹೊಸ ಕೆಲಸ ಸಿಕ್ಕಿತು. ಆಸ್ಪತ್ರೆಯ ಕಾರ್ಡಿನಲ್ಲಿ ಡಾಕ್ಟರಮ್ಮ ಬರೆದ ವಾರವನ್ನು ಮಗಳು ಫೋನಿನಲ್ಲಿ ಹೇಳುವುದು, ಇವಳು ಮರುದಿನ ಅದೇ ಅಂಕಿಯ ಜಾಡಿಯ ಮುಂದೆ ನಿಲ್ಲುವುದು. ಈ ವಾರ ಬೆರಳು ಬಿಡಿಸಿದೆ ಕಣೇ ಅಂತ ಫೋನು. ನಿಮ್ಮ ಕಣ್ಣೇನು ಸ್ಕ್ಯಾನಿಂಗ್ ಮೆಷಿನ್ನಾ ಅಂತ ಅಳಿಯ ಹಿಂದಿನಿಂದ ಛೇಡಿಸುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಮಗಳು ಒಬ್ಬಳೇ ಬಂದಳು. ರವಿಕೆಯ ತೋಳು ಮಡಿಸಿ ಕಲೆ ತೋರಿಸಿದಳು. ಹೊಸ ಬಟ್ಟೆಯ ಬಣ್ಣ ತಾಗಿ ಮೊಣಕೈವರೆಗೆ ದದ್ದು ಎದ್ದಿತ್ತಂತೆ, ತುರಿಸಿ ತುರಿಸಿ ರಕ್ತ. ಡಾಕ್ಟರಮ್ಮನ ಹತ್ತಿರ ಹೋಗಲು ರಜೆ ಸಿಗಲಿಲ್ಲ, ಔಷಧದಂಗಡಿಯವನು ಹತ್ತು ದಿನಕ್ಕೆ ಚಿಕ್ಕ ಬಿಳಿ ಮಾತ್ರೆ ಕೊಟ್ಟ. ದದ್ದೇನೋ ಇಳಿಯಿತು. ಮಾತ್ರೆ ಮುಗಿದ ಮೇಲೆ ಅದೇ ಅಂಗಡಿಗೆ ಹೋದರೆ, ಕೈಯಲ್ಲಿದ್ದ ಆಸ್ಪತ್ರೆಯ ಕಾರ್ಡು ನೋಡಿ ಅವನ ಮುಖ ಸಣ್ಣಗಾಯಿತಂತೆ. ಬಸುರಿ ಅಂತ ಮೊದಲೇ ಹೇಳಬಾರದಿತ್ತಾ ಅಂದನಂತೆ.

"ಶುರು ಮಾಡಿದಾಗ ಎಷ್ಟು ವಾರ?" ಅಂತ ಜಾಡಿಯಮ್ಮ ಕೇಳಿದಳು.

"ಕಾರ್ಡಲ್ಲಿ ಸರಿಯಾಗಿ ಹತ್ತು."

ಜಾಡಿಯಮ್ಮ ಕಣ್ಣು ಮುಚ್ಚಿದಳು. ಎರಡನೇ ಹಲಗೆ, ಎಡಗಡೆಯಿಂದ ಮೂರನೆಯದು. ಬೆರಳು, ಮುಖ, ಅಂಗುಳು, ಎಲ್ಲ ಅದರದರ ಜಾಗದಲ್ಲಿ.

"ಹತ್ತಕ್ಕೆ ಎಲ್ಲಾ ಮುಗಿದಿರುತ್ತೆ ಕಣೇ. ಬಾಯಿನೂ ಮುಚ್ಚಿರುತ್ತೆ. ಇನ್ನು ಬೆಳೆಯೋದಷ್ಟೇ ಬಾಕಿ."

"ಡಾಕ್ಟರಮ್ಮನಿಗೆ ಹೇಳ್ಲಾ?"

"ಹೇಳಿ ಯಾಕೆ ಬೈಸ್ಕೋತೀಯಾ? ನಾನು ದಿನಾ ನೋಡೋಳಲ್ವಾ. ಏನೂ ಇಲ್ಲ, ಹೋಗಿ ಮಲ್ಕೋ."

ಮಗಳ ಮುಖ ಅರಳಿತು. ಆ ಮಧ್ಯಾಹ್ನ ಅಮ್ಮನ ಚಾಪೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋದಳು. ಕಾಲೇಜಿನಲ್ಲಿ ಯಾರೂ ಒಂದು ಮಾತು ಕೇಳದ ಹೆಂಗಸು, ಆವತ್ತು ತಾನೂ ಒಬ್ಬ ಡಾಕ್ಟರಾದ ಹಾಗೆ, ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದಳು.

ಆರು ವಾರ ಕಳೆಯಿತು. ಹೊಸ ವರ್ಷದ ಹುಡುಗರು ಬಂದರು. ಜಾಡಿಯಮ್ಮ ಸ್ಟೂಲಿನ ಮೇಲೆ ನಿಂತು ಮೇಲಿನ ಹಲಗೆ ಒರೆಸುತ್ತಿದ್ದಳು. ಮೇಷ್ಟ್ರು ಎಂಟನೇ ಜಾಡಿಯ ಮುಂದೆ ನಿಂತಿದ್ದಾಗ ಜಡೆ ಹಾಕಿದ ಒಬ್ಬ ಹುಡುಗಿ ಕೈ ಎತ್ತಿದಳು. ನಮ್ಮಕ್ಕನ ಕಾರ್ಡಲ್ಲಿ ಹತ್ತು ವಾರ ಅಂತಿದೆ, ಆದರೆ ಸ್ಕ್ಯಾನಿನಲ್ಲಿ ಕೂಸು ಈ ಎಂಟನೆಯದರಷ್ಟೇ ಇದೆಯಲ್ಲ ಸರ್, ಬೆಳವಣಿಗೆ ಕಡಿಮೆಯಾ ಅಂತ.

ಮೇಷ್ಟ್ರು ನಕ್ಕರು.

"ಕಡಿಮೆಯೇನಿಲ್ಲಮ್ಮ. ಕಾರ್ಡಿನ ಲೆಕ್ಕ ಬೇರೆ, ಜಾಡಿಯ ಲೆಕ್ಕ ಬೇರೆ. ಡಾಕ್ಟರು ಕೊನೇ ಮುಟ್ಟಿನ ದಿನದಿಂದ ಎಣಿಸ್ತಾರೆ. ನಾವು ಇಲ್ಲಿ ಅಂಡಾಣು, ವೀರ್ಯಾಣು ಕೂಡಿದ ದಿನದಿಂದ ಎಣಿಸ್ತೀವಿ. ಎರಡು ವಾರ ಕಳೀಬೇಕು. ಮೊದಲನೇ ಕ್ಲಾಸಲ್ಲೇ ಹೇಳಿದ್ನಲ್ಲ, ನಿದ್ದೆ ಮಾಡ್ತಿದ್ರಾ?"

ಮೊದಲನೇ ಕ್ಲಾಸು ನಡೆಯುವುದು ಮೇಲಿನ ಅಂತಸ್ತಿನಲ್ಲಿ. ಅಲ್ಲಿ ಜಾಡಿ ಇಲ್ಲ, ಜಾಡಿಯಮ್ಮನಿಗೆ ಕೆಲಸವೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಆ ಮಾತು ಈ ಕೋಣೆಗೆ ಇಳಿದು ಬಂದಿರಲಿಲ್ಲ.

ಅವಳು ಸ್ಟೂಲಿನಿಂದ ನಿಧಾನವಾಗಿ ಇಳಿದಳು. ಹತ್ತರಲ್ಲಿ ಎರಡು ಹೋದರೆ ಎಂಟು. ಮಾತ್ರೆ ಹತ್ತು ದಿನ. ಎಂಟು, ಒಂಬತ್ತು. ಬಾಗಿಲು ಎರಡು ಕಡೆಯಿಂದ ಬರುತ್ತಿರುವ ಹೊತ್ತು. ಹುಡುಗರು ಹೊರಟುಹೋದ ಮೇಲೆ ಕೆಳಗಿನ ಹಲಗೆಯ ತುದಿಗೆ ಹೋಗಿ, ಆ ಜಾಡಿಯ ಮುಂದೆ ನೆಲದ ಮೇಲೆ ಕೂತಳು. ಮೊದಲನೇ ಸಲ ಮುಖ ತಿರುಗಿಸಲಿಲ್ಲ. ನೀರಿನಲ್ಲಿ ಆ ಚಿಕ್ಕ ಬಾಯಿ ಏನೋ ಹೇಳಲು ಹೊರಟು ನಿಂತ ಹಾಗಿತ್ತು.

ಎರಡು ದಿನ ಆ ಲೆಕ್ಕವನ್ನೇ ಬೆರಳಲ್ಲಿ ಮತ್ತೆ ಮತ್ತೆ ಎಣಿಸಿದಳು. ಮೂರನೇ ದಿನ ಅರ್ಧ ದಿನ ರಜೆ ಹಾಕಿ ಮಗಳ ಮನೆಗೆ ಹೋದಳು. ಮಗಳು ಕೂಸಿಗೆ ಅಂತ ಚಿಕ್ಕ ಕುಲಾವಿ ಹೊಲಿಯುತ್ತಿದ್ದಳು. ಜಾಡಿಯಮ್ಮ ಹೊಸಿಲ ಹತ್ತಿರವೇ ಕೂತು, ಕಾರ್ಡಿನ ಲೆಕ್ಕ, ಜಾಡಿಯ ಲೆಕ್ಕ ಎರಡನ್ನೂ ಹೇಳಿದಳು. ಬಾಯಿಯ ವಿಷಯವನ್ನೂ ಹೇಳಿದಳು. ತಾನು ಬಸುರಿಯಾಗಿ ಆ ಕೋಣೆಯಲ್ಲಿ ಓಡಾಡಿದ ಹಳೇ ಹೆದರಿಕೆಯನ್ನೂ ಮುಚ್ಚಿಡಲಿಲ್ಲ.

ಮಗಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೆಳಗಿಟ್ಟಳು. ಅಳಲಿಲ್ಲ, ಅದೇ ಕಷ್ಟವಾಯಿತು.

"ನೀನು ಬೇಡ ಅಂದೆ ಅಂತಾನೇ ನಾನು ಹೇಳ್ಲಿಲ್ಲ ಅಮ್ಮ. ನಿನ್ನ ಮಾತು ನಂಬಿ ನೆಮ್ಮದಿಯಾಗಿ ನಿದ್ದೆ ಮಾಡ್ದೆ."

ಮರುದಿನ ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತರು. ಡಾಕ್ಟರಮ್ಮ ಮಾತ್ರೆಯ ಖಾಲಿ ಸ್ಟ್ರಿಪ್ಪು ನೋಡಿದರು. ಬೈಯಲಿಲ್ಲ. ಇದು ಸ್ಟೀರಾಯ್ಡ್, ಇದರಿಂದ ಅಂಗುಳು ಸೀಳು ಆಗೇ ಆಗುತ್ತದೆ ಅಂತಲ್ಲ, ಆಗುವುದೇ ಇಲ್ಲ ಅಂತಲೂ ನಾನು ಹೇಳಲ್ಲ ಅಂದರು. ಕೋಣೆಯ ಘಾಟಿನ ವಿಷಯ ಕೇಳಿದ್ದಕ್ಕೆ, ಅಷ್ಟು ಹಿಂದಿನದನ್ನು ಯಾರೂ ಹೇಳಲಾರರು ಅಂದರು. ಮುಂದೆ ಮಾಡಿದ ಸ್ಕ್ಯಾನಿನಲ್ಲಿ ಕೈ, ಕಾಲು, ಎದೆ, ತುಟಿ ಎಲ್ಲ ಸರಿಯಾಗಿ ಕಂಡಿತು. ಅಂಗುಳಿನ ಹಿಂಭಾಗ ಮಾತ್ರ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ, ಹುಟ್ಟಿದ ಮೇಲೇ ನೋಡಬೇಕು ಅಂದುಬಿಟ್ಟರು.

ಉಳಿದ ತಿಂಗಳುಗಳು ಹೇಗೆ ಕಳೆದವು ಅಂತ ಹೇಳುವುದೇ ಬೇಡ. ಅಮ್ಮ ಫೋನು ಮಾಡುತ್ತಿದ್ದಳು, ಮಗಳು ಉಂಡದ್ದು, ಮಲಗಿದ್ದು ಹೇಳುತ್ತಿದ್ದಳು. ವಾರ ಎಷ್ಟು ಅಂತ ಇವಳು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಳಿಯನ ತಮಾಷೆಯೂ ನಿಂತಿತು.

ಹೆಣ್ಣು ಕೂಸು ಬೆಳಗಿನ ಹತ್ತು ಗಂಟೆಗೆ ಹುಟ್ಟಿತು. ಬಣ್ಣ ಚೆನ್ನಾಗಿತ್ತು, ಅಳು ಜೋರಾಗಿತ್ತು. ಹೊಳೆಯುವ ತುಟಿ, ಒಂದು ಗೆರೆಯೂ ಇಲ್ಲ. ಬೇರೆ ಡಾಕ್ಟರೊಬ್ಬರು ಟಾರ್ಚು ಬಿಟ್ಟು ಅವಸರದಲ್ಲಿ ನೋಡಿ, ಸರಿಯಿದೆ ಅಂತ ಬರೆದು ಹೋಗಿದ್ದರು. ಅಳಿಯ ಹೊರಗೆ ಎಲ್ಲರಿಗೂ ಫೋನು ಮಾಡುತ್ತಿದ್ದ. ಮಗಳು ಮಾತ್ರ ಎದೆಗೆ ಹಿಡಿದ ಕೂಸನ್ನೇ ನೋಡುತ್ತಿದ್ದಳು. ಅದು ಬಾಯಿ ಹಾಕುತ್ತಿತ್ತು, ಬಿಡುತ್ತಿತ್ತು. ಮತ್ತೆ ಹಾಕುತ್ತಿತ್ತು. ಮೂಗಿನ ಹೊಳ್ಳೆಯಿಂದ ಹಾಲಿನ ಒಂದು ಹನಿ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಒಂದು ಸಲ ನಾನು ಬೆರಳಿಟ್ಟು ನೋಡಲಾ ಅಂತ ಜಾಡಿಯಮ್ಮ ಕೇಳಿದಳು. ಡಾಕ್ಟರಮ್ಮನಿಗೆ ಹಳೇ ಮಾತು ನೆನಪಿತ್ತು. ಕೈ ತೊಳೆದು ಬನ್ನಿ ಅಂದರು. ಅವಳು ಮೂರು ಸಲ ಸೋಪು ಹಚ್ಚಿ ತೊಳೆದಳು. ಕಿರುಬೆರಳನ್ನು ಮೆಲ್ಲಗೆ ಒಳಗಿಟ್ಟಳು. ಕೂಸು ಚೀಪಲು ನೋಡಿತು. ಮುಂದೆ ಗಟ್ಟಿ. ನಡುವೆ ಗಟ್ಟಿ. ಇನ್ನೊಂದಿಷ್ಟು ಹಿಂದೆ, ಮೆತ್ತಗೆ ತಾಗಬೇಕಾದ ಕಡೆ, ಬೆರಳ ತುದಿಗೆ ಏನೂ ತಾಗಲಿಲ್ಲ.

ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. "ಹೇಳಮ್ಮ" ಅಂದಳು.

ಏನೂ ಇಲ್ಲ ಅನ್ನುವ ಮಾತು ಹಳೇ ಅಭ್ಯಾಸಕ್ಕೆ ನಾಲಿಗೆಯ ತುದಿಗೇ ಬಂತು. ಜಾಡಿಯಮ್ಮ ಅದನ್ನು ನುಂಗಿದಳು.

"ಹಿಂದೆ ಸ್ವಲ್ಪ ಕೂಡಿಲ್ಲ ಕಣವ್ವ. ಡಾಕ್ಟರಮ್ಮ, ಮತ್ತೆ ಹಾಲು ಕುಡಿಸೋಕೆ ಮೊದಲು ನೀವೊಂದು ಸಲ ನೋಡಿ."

ಡಾಕ್ಟರಮ್ಮ ಕೈಗವಸು ಹಾಕಿಕೊಂಡರು. ಕೂಸು ಅಳುವುದಕ್ಕೆ ದೊಡ್ಡದಾಗಿ ಬಾಯಿ ತೆರೆಯಿತು.