ಚಿಗವ್ವನ ಒಡಪು

ಪಕ್ಕದ ಮನೆಯ ಗಿರಿಜಾ ಮಸಾಲೆಪುಡಿಗೆಂದು ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದಳು. ನಾನು ಸಾಲಾಗಿ ಏಳು ಸೀನು ಸೀನಿದೆ. ಅವಳು ಒಲೆ ಆರಿಸಿ ಓಡಿಬಂದವಳೇ, "ಅಳಬ್ಯಾಡ್ರಿ ಟೀಚರ್, ಗಟ್ಟಿಯಾಗ್ರಿ" ಎಂದು ಬೆನ್ನು ಸವರತೊಡಗಿದಳು. ಗಂಡ ಹೋಗಿ ಮೂರು ತಿಂಗಳಾದವಳಿಗೆ ಹಾವೇರಿಯಲ್ಲಿ ಸೀನುವ ಸ್ವಾತಂತ್ರ್ಯವೂ ಇಲ್ಲ ನೋಡಿ. ನಿಜ ಹೇಳಬೇಕೆಂದರೆ ಅವರು ಹೋದಾಗಿನಿಂದ ನಾನು ಅತ್ತೇ ಇರಲಿಲ್ಲ. ಅವರ ಹೆಸರೂ ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ.

ಆ ಘಾಟಿಗೆ ನೆನಪಾದವಳು ಬ್ಯಾಡಗಿಯ ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ. ಅವಳ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು, ಜೊತೆಗೆ ಊರವರ ಮಾನ ಕಳೆಯುತ್ತಿದ್ದರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಶುಭಕಾರ್ಯಗಳಲ್ಲಿ ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಸೇರಿಸಿ ಹೇಳುತ್ತಾಳೆ. ಅದೇ ಒಡಪು. ಚಿಗವ್ವನ ಗಂಡ, ನಮ್ಮ ಕಾಕಾ, ತೀರಿಕೊಂಡ ವರ್ಷ ಯಾರದೋ ಸೀಮಂತದ ಕುಬಸದಲ್ಲಿ ಒಡಪು ಹೇಳುವ ಸರದಿ ಬಂದಾಗ ಚಿಗವ್ವನನ್ನು ದಾಟಿ ಮುಂದೆ ಹೋದರು. ವಿಧವೆಗೆ ಎಲ್ಲಿಯ ಒಡಪು? ಚಿಗವ್ವ ಸೆರಗು ಸರಿಮಾಡಿಕೊಂಡು, "ಯಾಕ, ಗಂಡ ಸತ್ತಾನ, ಅವನ ಹೆಸರೂ ಸತ್ತೈತೇನು?" ಎಂದವಳೇ ಶುರು ಮಾಡಿದಳು:

"ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ;
ನಮ್ಮ ಬಸಪ್ಪಗ ಮಾತು ಭಾಳ, ಕೆಲಸ ಕಡಿಮಿ."

ಒಬ್ಬ ಮುದುಕಿ ಶಿವಶಿವಾ ಎಂದು ಕಿವಿ ಮುಚ್ಚಿಕೊಂಡಳು. ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಚಿಗವ್ವ ತೊಟ್ಟು ಮುರಿಯುತ್ತಲೇ ದಿನಕ್ಕೊಂದು ಕಟ್ಟಿದಳು. ಕಾಕಾನ ಗೊರಕೆ, ಜಿಪುಣತನ, ಅವಳಿಗೆ ಜ್ವರ ಬಂದಾಗ ಅವನು ಕಾಯಿಸಿಕೊಟ್ಟ ಗಂಟುಗಂಟಾದ ಗಂಜಿ, ಯಾವುದನ್ನೂ ಬಿಡಲಿಲ್ಲ. ನಾನು ದೊಡ್ಡ ಪಂಡಿತೆಯ ಹಾಗೆ, "ಸಾಲಿನ್ಯಾಗ ಮಾತ್ರೆ ತಪ್ಪೈತಿ ಚಿಗವ್ವಾ" ಎಂದೆ.

"ತಪ್ಪಲಿ ಬಿಡ. ಎರಡನೇ ಸಾಲು ಸಿಗೂತನಕ ಅಳಾಕ ಪುರಸೊತ್ತ ಇರಂಗಿಲ್ಲ. ಸಿಕ್ಕಮ್ಯಾಲೆ ಅತ್ತರ ಎದಿ ಹಗುರ ಆಗ್ತೈತಿ."

ರಾಣೇಬೆನ್ನೂರಿನ ಶಾಲೆಯಲ್ಲಿ ಮೂವತ್ತು ವರ್ಷ ಛಂದಸ್ಸು ಕಲಿಸಿದವಳು ನಾನು. ಮಕ್ಕಳ ಪದ್ಯಗಳಿಗೆ ಕೆಂಪು ಗೀಟು ಹಾಕಿದ್ದೇನೆಯೇ ಹೊರತು ಸ್ವಂತದ್ದೊಂದು ಸಾಲು ಕಟ್ಟಿದವಳಲ್ಲ.

ಗಿರಿಜಾ ಇನ್ನೂ ಬೆನ್ನು ಸವರುತ್ತಿದ್ದಳು. "ತಡಿಯವಾ, ಎರಡ ಸಾಲು ಜೋಡಸಾಕತ್ತೇನಿ" ಎಂದೆ. ಅವಳಿಗೆ ಗಾಬರಿಯಾಯಿತು. ನಾನು ಬೆರಳು ಮಡಿಚಿ ಮಾತ್ರೆ ಎಣಿಸಹೋಗಿ, ನಾಚಿ ಕೈಬಿಟ್ಟೆ. ಕೊನೆಗೆ ಬಂತು:

"ದಿನಾ ಬಸ್ಸ ತಪ್ಪಿಸ್ಕೊಳ್ಳಾಂವ ನಮ್ಮ ಶಂಕರಪ್ಪ,
ಇದೊಂದಕ್ಕ ಇಷ್ಟ ಲಗೂ ಯಾಕ ಹೊಂಟ್ಯಪ್ಪ?"

ಗಿರಿಜಾ ತಡೆಯಲಾರದೆ ನಕ್ಕುಬಿಟ್ಟಳು. ನಾನೂ ನಕ್ಕೆ. ನಗುತ್ತಲೇ ಅವಳ ಹೆಗಲ ಮೇಲೆ ತಲೆಯಿಟ್ಟು ಗಳಗಳ ಅತ್ತೆ.